ಅರ್ಧ ಓದಿದ ಪ್ರಶ್ನೆ

ವಾರ್ಡ್ ಆಫೀಸು, ಎರಡನೇ ಕೌಂಟರು
ಬುಧವಾರ, ಊಟದ ಬಿಡುವಿನಲ್ಲಿ

ನನ್ನ ಟೀಚರಮ್ಮನಿಗೆ,

ಅಮ್ಮನ ಅಕ್ಷರ ಅಂತ ಗೊತ್ತಾದ ಕೂಡಲೇ ಹರಿದು ಬಿಸಾಡಬೇಡ. ಸಿಟ್ಟು ಎಷ್ಟಾದರೂ ಇರಲಿ, ಪೂರ್ತಿ ಓದು.

ನೀನು ಮನೆ ಬಿಟ್ಟು ಗೆಳತಿಯ ರೂಮಿಗೆ ಹೋಗಿ ಇವತ್ತಿಗೆ ಹನ್ನೊಂದು ದಿನ. ಶಾಲೆ ಮುಚ್ಚುವವರ ಕೈಕೆಳಗೆ ಕೂತವಳ ಮನೆಯಲ್ಲಿ ನನಗೆ ಅನ್ನ ಇಳಿಯುವುದಿಲ್ಲ ಅಂತ ಹೇಳಿ ಹೋದೆ. ದಿನಾ ಈ ಕಿಟಕಿಯಿಂದ ನಿನ್ನನ್ನು ನೋಡುತ್ತೇನೆ. ಮಕ್ಕಳ ತಾಯಂದಿರ ಜೊತೆ ಗೇಟಿನ ಮುಂದೆ ನಿಂತಿರುತ್ತೀ. ಬಿಸಿಲಿಗೆ ಮುಖ ಕಪ್ಪಿಟ್ಟಿದೆ ಕಣೇ, ತಲೆಗೊಂದು ಬಟ್ಟೆ ಹಾಕಿಕೊಳ್ಳಬಾರದಾ? ಫೋನ್ ಮಾಡಿದರೆ ಕಟ್ ಮಾಡುತ್ತೀ. ಅದಕ್ಕೇ ಕಾಗದ.

ಆ ಮತ ಹೇಗೆ ಬಿತ್ತು ಅಂತ ನಿನಗೆ ಹೇಳಬೇಕು. ಊರಿನ ವಿಷಯವನ್ನು ಇನ್ನು ಮೇಲೆ ಜನರೇ ತೀರ್ಮಾನ ಮಾಡಲಿ ಅಂತ ಆ ಆ್ಯಪ್ ತಂದಾಗ ನೀನೇ ಕುಣಿದಾಡಿದ್ದೆ, ನೆನಪಿದೆಯಾ? ಮನೆಯಲ್ಲಿ ಕೂತೇ ಒತ್ತಬಹುದು ಅಂತ ಬೀದಿಗೆಲ್ಲ ಹೇಳಿಕೊಟ್ಟೆ. ಫೋನ್ ಇಲ್ಲದ ಮುದುಕ ಮುದುಕಿಯರು ನನ್ನ ಕೌಂಟರಿಗೆ ಬಂದರು. ಮೇಜಿಗೆ ಸರಪಳಿ ಹಾಕಿ ಕಟ್ಟಿದ ಟ್ಯಾಬ್ ಇದೆಯಲ್ಲ, ಅದರಲ್ಲಿ ಅವರ ಬೆರಳು ಒತ್ತಿಸಿ, ಪ್ರಶ್ನೆ ಓದಿ ಹೇಳಿ, ಹೌದೋ ಅಲ್ಲವೋ ಕೇಳಿ ಒತ್ತುವುದು ನನ್ನ ಕೆಲಸ. ಪ್ರಶ್ನೆ ಇಷ್ಟುದ್ದ ಇತ್ತು: ಕೆಳಬೀದಿಯ ಶಾಲೆಯನ್ನು ಮುಚ್ಚಿ, ಮಕ್ಕಳನ್ನು ಬೇರೆ ಶಾಲೆಗೆ ವರ್ಗಾಯಿಸಿ, ಆ ಕಟ್ಟಡದಲ್ಲಿ ಆಸ್ಪತ್ರೆ ತೆರೆಯಲು ನಿಮ್ಮ ಒಪ್ಪಿಗೆ ಇದೆಯೇ?

ಬೆರಳು ಒತ್ತಿದ ಮೇಲೆ ಎರಡೇ ನಿಮಿಷ. ಅಷ್ಟರಲ್ಲಿ ಮುಗಿಯದಿದ್ದರೆ ಪರದೆ ಆರಿಹೋಗುತ್ತದೆ, ಮತ್ತೆ ಮೊದಲಿಂದ. ಜೀವಮಾನವಿಡೀ ಪಾತ್ರೆ ತಿಕ್ಕಿದ, ಇಟ್ಟಿಗೆ ಹೊತ್ತ ಬೆರಳುಗಳು. ಗೆರೆ ಎಲ್ಲಿ ಉಳಿದಿರುತ್ತೆ? ಒದ್ದೆ ಬಟ್ಟೆಯಲ್ಲಿ ಒರೆಸಿ ನಾಲ್ಕು ಸಲ ಒತ್ತಿಸಬೇಕು. ಆಮೇಲೆ ಕಿವಿ ಕೇಳಿಸದವರಿಗೆ ಅಷ್ಟುದ್ದದ ಪ್ರಶ್ನೆ ಕೂಗಿ ಹೇಳುವಷ್ಟರಲ್ಲಿ ಪರದೆ ಕಪ್ಪು. ಹಿಂದೆ ಸಾಲು ಬಾಗಿಲು ದಾಟಿರುತ್ತಿತ್ತು, ನಿಲ್ಲಲಾರದೆ ಗೋಡೆ ಹಿಡಿದುಕೊಂಡವರು ಬೇರೆ.

ಎರಡನೇ ದಿನವೇ ನಾನೊಂದು ದಾರಿ ಕಂಡುಕೊಂಡೆ. ಮನೆ ಹತ್ತಿರ ಆಸ್ಪತ್ರೆ ಬೇಕಾ ಅಂತ ಮಾತ್ರ ಕೇಳತೊಡಗಿದೆ. ಬೇಡ ಅನ್ನುವ ಮುದುಕರು ಯಾರಿದ್ದಾರೆ ಹೇಳು? ಬೇಕು ಅಂದರು, ಹೌದು ಒತ್ತಿದೆ, ಚೀಟಿ ಹರಿದು ಕೈಗೆ ಕೊಟ್ಟೆ. ಸಾಲು ಸರಸರ ಸರಿಯಿತು. ನಮ್ಮ ಮೇಡಂ ಬಂದು ಬೆನ್ನು ತಟ್ಟಿ ಹೋದರು. ನಾನೂ ಉಬ್ಬಿಹೋದೆ.

ಹೀಗೆ ಒತ್ತಿದ್ದು ನೂರ ಅರವತ್ತಮೂರು ಜನರದು. ನಿಮ್ಮ ಶಾಲೆ ಸೋತದ್ದು ಎಪ್ಪತ್ತೊಂದು ಮತದಲ್ಲಿ.

ಈಗ ಗೊತ್ತಾಯಿತಾ? ಮೆಷಿನ್ನಿನಲ್ಲಿ ಯಾರೂ ಕೈಯಾಡಿಸಿಲ್ಲ. ನೀನು ದೂರು ಕೊಟ್ಟೆಯಲ್ಲ, ಆ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗಿ ಲೆಕ್ಕ ತಿರುಚಿದ್ದಾಳೆ ಅಂತ, ಅವಳು ಏನೂ ಮಾಡಿಲ್ಲ. ಅವಳನ್ನು ಕೆಲಸದಿಂದ ನಿಲ್ಲಿಸಿ ಇವತ್ತಿಗೆ ವಾರ. ಮೊನ್ನೆ ತನ್ನ ಟಿಫಿನ್ ಡಬ್ಬಿ ತೆಗೆದುಕೊಂಡು ಹೋಗಲು ಬಂದವಳು ನನ್ನ ಪಕ್ಕದಲ್ಲೇ ಕೂತು ಅತ್ತಳು, ನಾನೇನು ತಪ್ಪು ಮಾಡಿದೆ ಆಂಟಿ ಅಂತ. ನಾನು ನೀರು ಕೊಟ್ಟೆ. ಲೋಟ ತೊಳೆದಿಟ್ಟು ಮುಂದಿನವರನ್ನು ಕರೆದೆ, ಅಷ್ಟು ಕಟುಕಿ ನಿನ್ನಮ್ಮ.

ನನಗೆ ತಪ್ಪು ಅರಿವಾದದ್ದು ಫಲಿತಾಂಶ ಬಂದ ಮರುದಿನ. ಪೋಸ್ಟ್‌ಮ್ಯಾನ್ ತಾತ ಗೊತ್ತಲ್ಲ, ನಿನ್ನ ಎರಡನೇ ತರಗತಿಯ ಆ ಬಾಯಿಬಡುಕಿಯ ಅಜ್ಜ. ಕೋಲು ಕುಟ್ಟಿಕೊಂಡು ಬಂದರು. ಮೊಮ್ಮಗಳು ಇನ್ನು ಆ ದೊಡ್ಡ ರಸ್ತೆ ದಾಟಿ ಹೋಗಬೇಕಂತೆ, ಯಾವ ಮನೆಹಾಳರು ಶಾಲೆ ಮುಚ್ಚಲು ಮತ ಹಾಕಿದ್ದು ಅಂತ ಕೂಗಾಡಿದರು. ನಾನಂತೂ ಆಸ್ಪತ್ರೆಗೆ ಹಾಕಿದ್ದು ನೋಡಮ್ಮ ಅಂತ ಕನ್ನಡಕದ ಡಬ್ಬಿಯಿಂದ ಚೀಟಿ ತೆಗೆದು ತೋರಿಸಿದರು. ಹೌದು ಅಂತ ದಪ್ಪಕ್ಷರದಲ್ಲಿತ್ತು. ಆ ಮನೆಹಾಳರು ನೀವೇ ತಾತ ಅಂತ ಹೇಗೆ ಹೇಳಲಿ? ಅವರೂ ಅಲ್ಲವಲ್ಲ. ಬೆರಳು ಅವರದು, ಮಾತು ನಾನು ತುಂಡು ಮಾಡಿದ್ದು. ವಿಚಾರಿಸುತ್ತೇನೆ ತಾತ ಅಂದೆ.

ಆಕ್ಷೇಪಣೆ ಸಲ್ಲಿಸಲು ಶುಕ್ರವಾರ ಸಂಜೆ ಐದರವರೆಗೆ ಸಮಯವಿದೆ. ಆಮೇಲೆ ಯಾರು ಏನು ಹೇಳಿದರೂ ಕೇಳುವುದಿಲ್ಲ, ಶಾಲೆಗೆ ಬೀಗ. ನಾನು ಎಲ್ಲವನ್ನೂ ಬರೆದಿಟ್ಟಿದ್ದೇನೆ, ನೂರ ಅರವತ್ತಮೂರು ಚೀಟಿಗಳ ನಂಬರಿನ ಸಮೇತ. ನಾಳೆ ಹತ್ತು ಗಂಟೆಗೆ ಆಯುಕ್ತರ ಕೈಗೇ ಕೊಡುತ್ತೇನೆ. ಕೆಲಸ ಹೋಗುತ್ತದೆ, ಅದು ಖಂಡಿತ. ಪೊಲೀಸು ಕೇಸೂ ಆಗಬಹುದು ಅಂತ ಮೇಡಂ ಹೆದರಿಸಿದರು. ಸುಮ್ಮನಿದ್ದುಬಿಡಿ, ಆರು ತಿಂಗಳಲ್ಲಿ ಎಲ್ಲ ಮರೆಯುತ್ತಾರೆ ಅಂತಲೂ ಅಂದರು. ಒಂದು ದಿನ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ನೀನು ಗೇಟಿನ ಹತ್ತಿರ ಆ ಹುಡುಗಿಯ ಹೆಸರು ಹಿಡಿದು ಧಿಕ್ಕಾರ ಕೂಗುವುದು ಕೇಳಿಸಿತು. ನನ್ನ ಪಾಲಿನ ಧಿಕ್ಕಾರ ಅವಳ ತಲೆಗೆ ಬೀಳುತ್ತಿತ್ತು. ತಡೆಯಲಾಗಲಿಲ್ಲ.

ನಿನ್ನಿಂದ ಎರಡೇ ಕೆಲಸ ಆಗಬೇಕು. ನಾಳೆಯೇ ಅವಳ ಮೇಲಿನ ದೂರು ವಾಪಸು ತೆಗೆದುಕೊ, ಅವಳ ಮನೆಗೆ ಹೋಗಿ ಕೈ ಹಿಡಿದು ಕ್ಷಮೆ ಕೇಳು. ಮತ್ತೆ, ಗೇಟಿನಲ್ಲಿ ನನ್ನ ಹೆಸರು ಹಿಡಿದು ಕೂಗಬೇಕಾಗಿ ಬಂದರೆ ಕೂಗು. ಅಮ್ಮ ಅಂತ ದನಿ ತಗ್ಗಿಸಬೇಡ.

ಬಿಸಿಲಲ್ಲಿ ನಿಲ್ಲಬೇಡ ಅಂದರೆ ಕೇಳುವವಳಲ್ಲ. ನೀರಾದರೂ ಕುಡಿ.

ನಿನ್ನ
ಅಮ್ಮ

ಇನ್ನೊಂದು ಮಾತು: ಇದನ್ನು ಬರೆಯದೆ ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಆಯುಕ್ತರಿಗೆ ಕೊಡುವ ಕಾಗದದಲ್ಲಿ ಸಮಯ ಸಾಲದೆ ಅರ್ಧ ಪ್ರಶ್ನೆ ಕೇಳಿದೆ ಅಂತ ಬರೆದಿದ್ದೇನೆ. ಅದು ನಿಜವೇ. ಆದರೆ ಶಾಲೆ ಮುಚ್ಚಬಹುದಾ ಅಂತಲೂ ಅಷ್ಟೇ ಹೊತ್ತಿನಲ್ಲಿ ಕೇಳಬಹುದಿತ್ತು. ಆ ಅರ್ಧ ಯಾಕೆ ನನ್ನ ಬಾಯಿಗೆ ಒಂದು ಸಲವೂ ಬರಲಿಲ್ಲ? ನಿನ್ನ ಅಪ್ಪ ದೂರದ ಆಸ್ಪತ್ರೆ ತಲುಪುವ ಮೊದಲೇ ಆಟೋದಲ್ಲಿ ನನ್ನ ತೊಡೆಯ ಮೇಲೇ ಹೋದರು. ನೀನು ಆಗ ಪರೀಕ್ಷೆ ಬರೆಯುತ್ತಿದ್ದೆ. ಆ ದಾರಿ ಕಂಡುಕೊಂಡ ಮೇಲೆ ಪ್ರಶ್ನೆಯನ್ನು ನಾನು ಪೂರ್ತಿ ಓದಿದ್ದು ಒಬ್ಬರ ಮತಕ್ಕೆ ಮಾತ್ರ, ನನ್ನದಕ್ಕೆ. ಓದಿ, ನಿನ್ನ ಶಾಲೆ ಅಂತ ಗೊತ್ತಿದ್ದೂ ಹೌದು ಒತ್ತಿದೆ. ಮತ್ತೆ ಮತದಾನವಾದರೆ ಎಲ್ಲರಿಗೂ ಪೂರ್ತಿ ಓದಿ ಹೇಳುವವರು ಸಿಗಲಿ. ನಾನು ಏನು ಒತ್ತುತ್ತೇನೆ ಅಂತ ಮಾತ್ರ ಕೇಳಬೇಡ ಮಗಳೇ.