ಏಳನೆಯ ಅಧ್ಯಾಯದ ಮಗು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7

ಮತ್ತೆ ಬೂಷ್ಟು. ಕವಿತೆಯ ಕಪಾಟು ಪೂರ್ತಿ ಒರೆಸಿದೆ, ಕಾದಂಬರಿಗೆ ನಾಳೆ. ನದಿದಂಡೆಯ ಈ ಮಳೆಯೂರು ಕಿಬ್ದೋದ ಗ್ರಂಥಪಾಲಕಿಗೆ ಒರೆಸುವುದು ಮೊದಲ ಕೆಲಸ, ಓದುವುದು ಎರಡನೆಯದು. ಶನಿವಾರದ ಓದುಬಳಗಕ್ಕೆ ಹೈಟಿಯವಳೊಬ್ಬಳ ಕವಿತೆಗಳು. ಆರು ಪ್ರತಿ ಬೇಕು, ಇರುವುದು ಎರಡು. ಝೆರಾಕ್ಸ್.

ಮ್ಯಾಡ್ರಿಡ್‌ನಿಂದ ಪಾರ್ಸೆಲ್. ನುಬಿಯಾಳ ಹೊಸ ಕಾದಂಬರಿ, ಅಲ್ಲಿ ಪ್ರಶಸ್ತಿ ಗೆದ್ದದ್ದು. ಒಳಪುಟದಲ್ಲಿ ಅವಳ ಕೈಬರಹ: ‘ಎನೈದಾಗೆ, ಆ ದೋಣಿಯ ನೆನಪಿಗೆ.’ ಇಪ್ಪತ್ತೆರಡಕ್ಕೆ ಇಲ್ಲಿಗೇ ಬಂದು ಓದುತ್ತಾಳಂತೆ. ಪರಿಚಯ ಭಾಷಣ ನನ್ನದು. ಶಾಲೆಯಲ್ಲಿ ಒಂದೇ ಬೆಂಚು, ಹಾಗಾಗಿ.

ಯಾವ ದೋಣಿ?

ಮಾರ್ಚ್ 5, ಬುಧವಾರ. ಸಂಜೆ 4

ಏಳನೆಯ ಅಧ್ಯಾಯದವರೆಗೆ ಓದಿದೆ. ಅಲ್ಲಿ ನಿಂತೆ.

ಗುವಾಲಿಯ ಅಧ್ಯಾಯ. ಹೊರಗಿನವರಿಗೆಂದು ಅವಳು ಅರ್ಧ ಪುಟ ವಿವರಿಸಿದ್ದಾಳೆ — ಎಳೆಗೂಸು ಸತ್ತರೆ ಈ ನದಿಯವರು ಅಳುವುದಿಲ್ಲ. ಬಿಳಿ ಅಂಗಿ ತೊಡಿಸಿ, ಹೂವಿನ ಕಿರೀಟ ಇಟ್ಟು, ಡೋಲು ಬಾರಿಸಿ, ಮಗುವನ್ನು ಕೈಯಿಂದ ಕೈಗೆ ದಾಟಿಸುತ್ತ ಕುಣಿಯುತ್ತಾರೆ. ತಾಯಿ ಅತ್ತರೆ ರೆಕ್ಕೆ ಒದ್ದೆಯಾಗಿ ಮಗು ಮೇಲೆ ಹಾರಲಾರದು. ಸರಿಯಾಗಿಯೇ ಇದೆ. ಚೆನ್ನಾಗಿಯೂ ಇದೆ.

ಆಮೇಲೆ ತಾಯಿ ಹಿತ್ತಲಿನ ಬಚ್ಚಲಿಗೆ ಹೋಗುತ್ತಾಳೆ. ಟವೆಲ್ ಬಾಯಿಗೆ ತುರುಕಿಕೊಂಡು ಅಳುತ್ತಾಳೆ. ಹಸಿರು ಟವೆಲ್.

ನನ್ನ ಟವೆಲ್ ಹಸಿರಾಗಿತ್ತು.

ಹತ್ತೊಂಬತ್ತು ವರ್ಷದ ಹಿಂದೆ. ಒಳಗೆ ಅಮ್ಮ ಹಾಡುತ್ತಿದ್ದಳು. ಈ ದಂಡೆಯ ಎಲ್ಲ ಗುವಾಲಿಗೂ ಅವಳೇ ಹಾಡುವವಳು, ಆವತ್ತು ತನ್ನ ಮೊಮ್ಮಗಳಿಗೆ. ಮಗಳು ಅಳಲಿಲ್ಲ ಎಂದು ಇವತ್ತಿಗೂ ನಂಬಿದ್ದಾಳೆ. ನಾನು ಹೇಳಿದ್ದು ಒಬ್ಬಳಿಗೆ. ಮೂರು ತಿಂಗಳ ನಂತರ ಬೆಯಾವಿಸ್ತಾಗೆ ಹೋಗುವ ದೋಣಿಯಲ್ಲಿ, ಇಂಜಿನ್ ಸದ್ದಿನ ನಡುವೆ, ನುಬಿಯಾಳ ಕಿವಿಯಲ್ಲಿ.

ಕಾದಂಬರಿಯಲ್ಲಿ ಆ ತಾಯಿ ‘ನಾನು’. ಕೊನೆಯ ಪುಟದಲ್ಲಿ: ‘ನಲವತ್ತೊಂದು ದಿನ ಬದುಕಿದ ನನ್ನ ಮಗಳು ಆಲ್ಬಾಗೆ.’ ನುಬಿಯಾ ಹೆತ್ತವಳಲ್ಲ. ದಿನಗಳ ಲೆಕ್ಕ ಕೂಡ ನನ್ನದೇ. ಬದಲಾಯಿಸಿದ್ದು ಹೆಸರೊಂದನ್ನು.

ಮಾರ್ಚ್ 8, ಶನಿವಾರ

ಬಳಗ ಹೈಟಿಯ ಕವಿತೆಗಳನ್ನು ಮುಟ್ಟಲೇ ಇಲ್ಲ. ನುಬಿಯಾಳ ಪುಸ್ತಕ ಎಲ್ಲರ ಫೋನಿನಲ್ಲೂ ಇದೆ.

ಯೆನ್ಸಿ, ನರ್ಸು, ದಿನಕ್ಕೊಂದು ಸಾವು ನೋಡುವವಳು, ಮೂಗೊರೆಸಿಕೊಂಡಳು. “ಆ ಟವೆಲ್ಲು ಕಣ್ರೀ... ಅನುಭವಿಸದೆ ಅದನ್ನ ಬರೆಯೋಕಾಗುತ್ತಾ? ಕಲ್ಪಿಸ್ಕೊಳ್ಳೋಕೇ ಆಗಲ್ಲ.”

ಡಿಯೊಫಾನೊ ಬಡಗಿ, ಮೇಜಿನ ಲೆಕ್ಕ ಬರೆಯುವ ಪುಸ್ತಕದಲ್ಲೇ ಸಾನೆಟ್ ಬರೆಯುತ್ತಾನೆ. “ನೋಡಿ ಮೇಡಮ್,” ಎಂದ, “ನೀವು ಎರಡು ಸಾಲಿಗೆ ಎರಡು ವರ್ಷ ತಗೋತೀರ. ಅವಳು ಕರುಳನ್ನೇ ಕಿತ್ತು ತಟ್ಟೆಗೆ ಹಾಕಿಕೊಟ್ಟಿದ್ದಾಳೆ. ಸ್ವಲ್ಪ ಕಲೀರಿ.”

“ಯಾರ ಕರುಳು?” ಎಂದೆ.

“ಅಯ್ಯೋ, ಹೊಟ್ಟೆಕಿಚ್ಚು ನೋಡ್ರಪ್ಪ!”

ನಕ್ಕರು. ನಾನೂ ನಕ್ಕೆ. ಗಂಟಲಿನ ಮಟ್ಟಕ್ಕೆ.

ಮಾರ್ಚ್ 14, ಶುಕ್ರವಾರ

ಬೊಗೊತಾದಿಂದ ರೊಸೌರಾಳ ಮೇಲ್. ಆಫ್ರಿಕಾ ಮೂಲದ ಈ ಕಾಲದ ಬರಹಗಾರರ ಸಂಕಲನ ಮಾಡುತ್ತಿದ್ದಾಳೆ. ಕಿಂಗ್‌ಸ್ಟನ್, ಸಾಲ್ವಡಾರ್, ಲಂಡನ್, ನಾವು. ನನ್ನಿಂದ ಒಂದೇ ಕವಿತೆ ತೆಗೆದುಕೊಂಡಿದ್ದಳು. ಹನ್ನೊಂದು ಸಾಲು, ಬಚ್ಚಲ ಬಾಗಿಲಿನ ಬಗ್ಗೆ. ಮಗು ಎಂಬ ಶಬ್ದ ಅದರಲ್ಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ನನಗೆ ಅಷ್ಟೇ ಹತ್ತಿರ ಹೋಗಲು ಸಾಧ್ಯವಾಯಿತು.

‘ನುಬಿಯಾ ಅವರ ಏಳನೆಯ ಅಧ್ಯಾಯವೂ ಇದೇ ಸಂಪುಟದಲ್ಲಿ ಬರುತ್ತಿದೆ. ನಿಮ್ಮ ಕವಿತೆ ಅದರ ಪ್ರತಿಧ್ವನಿಯಂತೆ ಕೇಳಬಹುದು. ಬೇರೆ ಯಾವುದಾದರೂ ಕಳಿಸುವಿರಾ?’

ಪ್ರತಿಧ್ವನಿ.

ಫೋನ್ ಮಾಡಿದೆ. ನುಬಿಯಾ ಎರಡನೆಯ ರಿಂಗಿಗೇ ಎತ್ತಿಕೊಂಡಳು. ಕಾಯುತ್ತಿದ್ದಳು ಅನಿಸಿತು.

“ಅದು ನನ್ನ ಮಗಳು,” ಎಂದೆ.

“ಗೊತ್ತು ಕಣೆ. ನಿನ್ನ ಹೆಸರು ಹಾಕಿದ್ರೆ ನಿಮ್ಮಮ್ಮನಿಗೆ ಗೊತ್ತಾಗ್ತಿರಲಿಲ್ವಾ? ನಿನ್ನನ್ನ ಕಾಪಾಡೋಕೆ ನನ್ನ ತಲೆ ಮೇಲೆ ಹೊತ್ಕೊಂಡೆ.”

“ಪ್ರಶಸ್ತಿಯನ್ನೂ ನೀನೇ ಹೊತ್ಕೊಂಡೆ.”

“ಎನೈದಾ. ದೋಣೀಲಿ ನೀನೇ ಹೇಳಿದ್ದು. ‘ಇದನ್ನ ನನ್ನಿಂದ ತಗೊಂಡು ಹೋಗು’ ಅಂತ. ಹತ್ತೊಂಬತ್ತು ವರ್ಷ ಕಾದೆ, ನೀನು ಬರೀಲಿಲ್ಲ.”

ಹೇಳಿದ್ದೆನೇ? ಹೇಳಿರಬಹುದು. ಯಾರ ಬಳಿಯಾದರೂ ಹೇಳುವ ಮಾತು ಅದು. ಯಾರೂ ನಿಜಕ್ಕೂ ತೆಗೆದುಕೊಂಡು ಹೋಗುವುದಿಲ್ಲ.

“ಇಪ್ಪತ್ತೆರಡಕ್ಕೆ ಎಲ್ಲರ ಮುಂದೆ ಹೇಳು ಬೇಕಾದ್ರೆ,” ಎಂದಳು. “ನಾನು ಇಲ್ಲ ಅನ್ನಲ್ಲ. ನಿಮ್ಮಮ್ಮ ಮೊದಲ ಸಾಲಲ್ಲಿ ಕೂತಿರ್ತಾಳೆ ಅಷ್ಟೇ.”

ಬೆದರಿಕೆಯೋ ಅನುಕಂಪವೋ. ದನಿ ಎರಡಕ್ಕೂ ಒಂದೇ.

ಮಾರ್ಚ್ 16, ಭಾನುವಾರ. ಮಧ್ಯಾಹ್ನ

ಅಮ್ಮ ಬಾಳೆಕಾಯಿ ಹೆರೆಯುತ್ತಿದ್ದಳು. ಅವಳಿಗೆ ಓದು ಬಾರದು, ಆದರೆ ಯೆನ್ಸಿಗೆ ಬಾಯಿದೆ.

“ಪಾಪ, ಆ ನುಬಿಯಾ. ದೂರದೇಶದಲ್ಲಿ ಒಬ್ಬಳೇ ಹೆತ್ತು, ಒಬ್ಬಳೇ ಕಳ್ಕೊಂಡಳಂತೆ. ಅತ್ತೂಬಿಟ್ಟಳಂತೆ. ಹೇಳೋರು ಯಾರು ಅಲ್ಲಿ?” ಸಿಪ್ಪೆ ಬುಟ್ಟಿಗೆ ಬಿತ್ತು. “ನೀನು ಅಳಲಿಲ್ಲ. ಆವತ್ತು ಎಲ್ರೂ ನಿನ್ನ ನೋಡ್ತಿದ್ರು. ಕಸಿಲ್ದಾ ಮಗಳು ಅಂದ್ರೆ ಹೀಗಿರಬೇಕು ಅಂದ್ರು.”

ಕಾಫಿ ಕುಡಿದೆ.

“ಶನಿವಾರ ನಾನು ಹಾಡ್ತೀನಿ ಅವಳ ಮಗೂಗೆ.”

“ಅಮ್ಮ, ಅದು ಸಾಹಿತ್ಯದ ಕಾರ್ಯಕ್ರಮ.”

“ಇರ್ಲಿ ಬಿಡು. ರೆಕ್ಕೆ ಒದ್ದೆಯಾದ ಕೂಸು, ಎಷ್ಟು ವರ್ಷ ಆದ್ರೂ ಹೆಸರು ಹಿಡಿದು ಹಾಡಿದ್ರೆ ಒಣಗುತ್ತೆ. ನನ್ನಜ್ಜಿ ಒಣಗಿಸಿದ್ದು ನಾನೇ ನೋಡಿದೀನಿ. ಒಂದು ಮಗೂಗೆ ಒಂದೇ ಸಲ. ಹೆಸರು ಮಾತ್ರ ತಪ್ಪಬಾರದು, ತಪ್ಪಿದ್ರೆ ಹಾಡು ಗಾಳಿಗೆ.” ಚಾಕು ನಿಲ್ಲಿಸಿದಳು. “ಏನಂತೆ ಅದರ ಹೆಸರು?”

“ಆಲ್ಬಾ.”

ನನ್ನ ಬಾಯಿಂದಲೇ ಬಂತು ಅದು. ಅಮ್ಮ ಎರಡು ಸಲ ಅಂದುಕೊಂಡಳು, ನಾಲಿಗೆಗೆ ಕೂರಿಸಿಕೊಳ್ಳುವಂತೆ.

ನಾನು ನಂಬುವವಳಲ್ಲ. ರೆಕ್ಕೆ, ಒದ್ದೆ, ಒಣಗುವುದು — ಯಾವುದನ್ನೂ. ನಂಬುವುದಿಲ್ಲ ಎಂದು ಇಲ್ಲಿ ಬರೆದಿಡುತ್ತೇನೆ. ಆದರೂ ಇಲ್ಲದ ಮಗುವೊಂದಕ್ಕೆ ಶನಿವಾರ ಅಮ್ಮನ ಹಾಡು ಹೋಗುತ್ತದೆ. ಇದ್ದ ಮಗುವಿಗೆ...

ಬಾಯಿ ಬಿಟ್ಟರೆ ಅಮ್ಮನ ಹತ್ತೊಂಬತ್ತು ವರ್ಷದ ಹೆಮ್ಮೆ ಹೋಯಿತು. ಬಿಡದಿದ್ದರೆ ನನ್ನ ಮಗಳು.

ಮಾರ್ಚ್ 21

ಪರಿಚಯ ಭಾಷಣ ಬರೆದೆ. ಒಂದೂವರೆ ಪುಟ. ಎಲ್ಲಿಯೂ ಸುಳ್ಳಿಲ್ಲ. ಹರಿದೆ. ಮತ್ತೆ ಬರೆದೆ.

ಮಾರ್ಚ್ 22, ಶನಿವಾರ. ಸಂಜೆ 6

ಅನುಕ್ರಮವಾಗಿ ಬರೆಯಬೇಕು.

ಅರವತ್ತು ಜನ. ನುಬಿಯಾ ತೆಳ್ಳಗಾಗಿದ್ದಾಳೆ, ಹಳದಿ ತಲೆವಸ್ತ್ರ. ಅಪ್ಪಿಕೊಂಡಳು, ನನ್ನ ಕೈ ನನ್ನ ಪಕ್ಕದಲ್ಲೇ ಇತ್ತು. ಭಾಷಣ ಓದಿದೆ. ಅವಳು ಏಳನೆಯ ಅಧ್ಯಾಯ ಓದಿದಳು. ಬಚ್ಚಲ ಭಾಗಕ್ಕೆ ಬಂದಾಗ ಅವಳ ದನಿ ನಡುಗಿತು, ನಿಜವಾಗಿಯೇ. ಅದನ್ನು ಕ್ಷಮಿಸಲಾರೆ.

ಅಮ್ಮ ಎದ್ದಳು. “ಬಾ ಮಗಳೇ, ನಿನ್ನ ಕೂಸನ್ನ ಕಳಿಸಿಕೊಡೋಣ,” ಎಂದು ನುಬಿಯಾಳ ಕೈ ಹಿಡಿದಳು. ನುಬಿಯಾ ನನ್ನನ್ನು ನೋಡಿದಳು. ಡಿಯೊಫಾನೊ ಮೇಜನ್ನೇ ಡೋಲು ಮಾಡಿಕೊಂಡ. ಅಮ್ಮ ಶುರು ಮಾಡಿದಳು. ಹೂವು, ಏಣಿ, ಬಾಗಿಲು ತೆರೆಯುವ ಸಂತರು. ಮೂರನೆಯ ಸುತ್ತಿನಲ್ಲಿ ಹೆಸರು ಬರಬೇಕು.

“ಆಲ್—”

“ಅಮ್ಮ. ಹೆಸರು ಅದಲ್ಲ.”

ನಾನು ನಿಂತಿದ್ದೆ. ಯಾವಾಗ ಎದ್ದೆನೋ.

ಅಮ್ಮ ತಿರುಗಲಿಲ್ಲ. “ಮತ್ತೆ ಯಾವುದು?”

ಹೇಳಿದೆ. ಇಲ್ಲಿ ಒಮ್ಮೆಯೂ ಬರೆಯದ ಹೆಸರನ್ನು, ಅರವತ್ತು ಜನರ ಮುಂದೆ.

ಸಭೆಯಲ್ಲಿ ಕುರ್ಚಿಯೊಂದು ಕಿರುಗುಟ್ಟಿತು. ಅಮ್ಮ ನುಬಿಯಾಳ ಕೈ ಬಿಟ್ಟಳು, ಬಿಸಿ ಪಾತ್ರೆ ಬಿಟ್ಟ ಹಾಗೆ. ಮತ್ತೆ ಮೊದಲಿನಿಂದ ಹಾಡಿದಳು. ಪೂರ್ತಿ. ಹೆಸರು ಸರಿಯಾದ ಜಾಗಕ್ಕೆ ಬಂತು.

ಮನೆಗೆ ನಡೆದು ಬಂದೆವು. ದಾರಿಯಲ್ಲಿ ಟವೆಲ್, ದೋಣಿ ಎರಡನ್ನೂ ಹೇಳಿದೆ. ನುಬಿಯಾಳ ಬಗ್ಗೆ ಅಮ್ಮ ಆಡಿದ್ದು ಒಂದು ಮಾತು: “ಅವಳು ಕಳ್ಳಿ.” ಆಮೇಲೆ, ನಾಲ್ಕು ಮನೆ ದಾಟಿ: “ನೀನು?”

ಮುಂದೆ ಹೋಗಿ ನಮ್ಮ ಗೇಟು ತೆಗೆದೆ.

“ಆವತ್ತೇ ಹೇಳಿದ್ರೆ ಆ ವಾರವೇ ಹಾಡಿ ಒಣಗಿಸ್ತಿದ್ದೆ. ಹತ್ತೊಂಬತ್ತು ವರ್ಷ ಆ ಕೂಸು ಬಚ್ಚಲಲ್ಲಿ ಕೂತಿತ್ತು. ನಾನು ದಿನಾ ಅಲ್ಲೇ ಮೀಯ್ತಿದ್ದೆ. ಯಾರೋ ಬೀದಿಯವಳಿಗೆ ದೋಣೀಲಿ ಹೇಳಿದೆ, ನನಗೆ ಹೇಳಲಿಲ್ಲ.”

ಇದನ್ನು ನಾನು ಎಣಿಸಿರಲಿಲ್ಲ. ಮೋಸ ಹೋದವಳು ನಾನೆಂದೇ ಇಷ್ಟು ಪುಟ ತುಂಬಿಸಿದ್ದೇನೆ.

ಈಗ ಬಾಗಿಲಲ್ಲಿ ನಿಂತಿದ್ದಾಳೆ. ಪೆನ್ನು ಓಡುವುದನ್ನು ನೋಡುತ್ತಿದ್ದಾಳೆ.

“ಅದರಲ್ಲೇನು ಬರೀತಿದ್ದೀಯ? ಓದು.”

“ಯಾವ ಪುಟದಿಂದ ಅಮ್ಮ?”

ಸ್ಟೂಲು ಎಳೆದುಕೊಂಡು ಕೂತಳು. ಕೈ ಮಡಿಲಲ್ಲಿ. ಹೇಳುತ್ತಿದ್ದಾಳೆ, ಆ ಕೂಸು ಹುಟ್ಟಿದ ದಿನದಿಂದ ಶುರು ಮಾಡು ಎಂದು.