ಕಾಡು ಸ್ಟ್ರಾಬೆರಿಯ ಮೊಮ್ಮಕ್ಕಳನ್ನು ತೂಗುವವರೆಗೆ

ಹಣ್ಣು ಸಂಶೋಧನಾ ಕೇಂದ್ರದ ನಿರ್ದೇಶಕರಿಗೆ,

ಮಾನ್ಯರೇ,

ನನಗೆ ಮದುವೆಯಾಯಿತು. ಇದನ್ನು ಮೊದಲು ಹೇಳದಿದ್ದರೆ ಮುಂದಿನ ಯಾವ ಸಾಲೂ ನನ್ನಿಂದ ನೆಟ್ಟಗೆ ಬರುವುದಿಲ್ಲ. ಹಾಲಿನವರಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ, ರಾಂಗ್ ನಂಬರಿನವರಿಗೂ ಹೇಳಿ ಆಗಿದೆ. ತಾವೊಬ್ಬರು ಬಾಕಿ ಇದ್ದಿರಿ. ನನ್ನ ಗಂಡ ತಮ್ಮ ಕೇಂದ್ರದಲ್ಲಿ ಸ್ಟ್ರಾಬೆರಿಯ ಹೊಸ ತಳಿ ಬೆಳೆಸುವ ಕೆಲಸದಲ್ಲಿದ್ದಾರೆ. ಅವರ ನಾಲ್ಕನೇ ಪಾತಿಯನ್ನು ಬರುವ ಶುಕ್ರವಾರ ಕಿತ್ತು ನೆಲ ಸಮ ಮಾಡಬೇಕೆಂದು ತಾವು ಆದೇಶಿಸಿದ್ದೀರಿ. ಅಲ್ಲಿರುವುದು ಕಾಡು ಸ್ಟ್ರಾಬೆರಿಗೂ ತೋಟದ ಸ್ಟ್ರಾಬೆರಿಗೂ ಹುಟ್ಟಿದ ಗಿಡಗಳು. ಈ ಬಗ್ಗೆ ಕೇಳಲು ತಮ್ಮ ಕಚೇರಿಗೆ ಫೋನ್ ಮಾಡಿದಾಗ ‘ಪತ್ರ ಬರೀರಿ’ ಎಂದರು. ಊರಿಗೆಲ್ಲ ಕಾಣುವಂತೆ ಬರೆದರೆ ಕಳೆದುಹೋಗುವುದಿಲ್ಲವೆಂದು ಹೀಗೆ ಬರೆಯುತ್ತಿದ್ದೇನೆ. ನೌಕರರು ಮೇಲಧಿಕಾರಿಗೆ ಬಹಿರಂಗವಾಗಿ ಬರೆಯುವಂತಿಲ್ಲವಂತೆ. ನೌಕರರ ಹೆಂಡತಿಯ ಬಗ್ಗೆ ನಿಯಮಾವಳಿಯಲ್ಲಿ ಒಂದು ಮಾತೂ ಇಲ್ಲ. ಅದನ್ನು ಬರೆದವರು ಬಹುಶಃ ಅವಿವಾಹಿತರು.

ನಾನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು. ಒಂದು ಹೂವನ್ನೂ ಬಿಡಿಸಿ ನೋಡದೆ ಸಸ್ಯಶಾಸ್ತ್ರದಲ್ಲಿ ಒಳ್ಳೆಯ ಅಂಕ ಪಡೆದವಳು. ಮದುವೆಯಾದ ಹೊಸದರಲ್ಲಿ ಗಂಡ ‘ಒಂದು ಜಾಗ ತೋರಿಸ್ತೀನಿ ಬಾ’ ಎಂದು ಕರೆದಾಗ ಬೆಟ್ಟವೋ ಸರೋವರವೋ ಇರಬೇಕೆಂದು ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಹೊರಟೆ. ಆ ಹಿಮ್ಮಡಿಗಳು ನಾಲ್ಕನೇ ಪಾತಿಯ ಮಣ್ಣಿನಲ್ಲಿ ಹೂತುಕೊಂಡವು.

‘ಹೇಗಿದೆ?’

‘ಚೆನ್ನಾಗಿದೆ. ಇಲ್ಲಿಂದ ಎಲ್ಲಿಗೆ ಹೋಗ್ತೀವಿ?’

‘ಇಲ್ಲಿಂದ ಎಲ್ಲಿಗೂ ಇಲ್ಲ. ಇದೇ ಜಾಗ.’

ಅವರು ಚಿಮಟ ಹಿಡಿದು ಮೊಗ್ಗೊಂದನ್ನು ಬಿಡಿಸಿದರು. ಸುತ್ತಲಿನ ಕೇಸರಗಳು ಪರಾಗ ಉದುರಿಸುವ ಮೊದಲೇ ಅವನ್ನೆಲ್ಲ ಕಿತ್ತು, ನಡುವೆ ಬೇರೆ ಗಿಡದ ಪರಾಗವನ್ನು ಸಣ್ಣ ಕುಂಚದಿಂದ ಸವರಿದರು. ಇನ್ನು ಯಾವ ದುಂಬಿಯೂ ಮೂಗು ತೂರಿಸದಂತೆ ಹೂವಿಗೆ ಚೀಲ ಕಟ್ಟಬೇಕು. ಆ ಕಾಗದದ ಚೀಲಗಳು ತಮ್ಮ ಉಗ್ರಾಣದಲ್ಲಿ ಮುಗಿದಿದ್ದವು. ಬೇಡಿಕೆ ಸಲ್ಲಿಸಿದ್ದರು ನಿಜ, ಆದರೆ ಹೂವು ಕಡತ ನೋಡಿಕೊಂಡು ಅರಳುವುದಿಲ್ಲವಲ್ಲ? ಆಗ ನನ್ನ ತಲೆ ಓಡಿತು. ಅದು ಓಡಿದಾಗಲೆಲ್ಲ ಯಾರಿಗಾದರೂ ತೊಂದರೆಯಾಗುತ್ತದೆ. ಮದುವೆಗೆ ಬಂದವರಿಗೆ ಮಿಠಾಯಿ ಹಾಕಿಕೊಡಲು ಮಾಡಿಸಿದ್ದ ತೆಳು ಬಟ್ಟೆಯ ಪುಟ್ಟ ಚೀಲಗಳು ರಾಶಿ ಉಳಿದಿದ್ದವು. ಅವುಗಳ ಮೇಲೆ ನಮ್ಮಿಬ್ಬರ ಹೆಸರಿನ ಮೊದಲಕ್ಷರ, ಬಂಗಾರದ ಬಣ್ಣದ ಎರಡು ಗಿಣಿಗಳು. ‘ಗಾಳಿ ಆಡತ್ತೆ, ದುಂಬಿ ಹೋಗಲ್ಲ, ಕಾಗದಕ್ಕಿಂತ ವಾಸಿ’ ಎಂದರು ನನ್ನ ಗಂಡ. ಯಾವ ಕವಿಯೂ ನನ್ನನ್ನು ಇಷ್ಟು ಹೊಗಳಲಾರ.

ಆಮೇಲೆ ತಮ್ಮ ತಪಾಸಣಾ ಸಮಿತಿ ಬಂತು. ಅಧ್ಯಕ್ಷರು ಒಂದು ಚೀಲವನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿದರಂತೆ.

‘ಇದೇನ್ರೀ, ಪ್ರಯೋಗನೋ ರಿಸೆಪ್ಷನ್ನೋ?’

‘ಪ್ರಯೋಗ ಸರ್.’

‘ಮತ್ತೆ ಗಿಣಿ ಯಾಕಿವೆ?’

‘ಅವು ನನ್ನ ಹೆಂಡತಿ ಆರಿಸಿದ್ದು ಸರ್.’

ವರದಿಯಲ್ಲಿ ‘ಕೇಂದ್ರದ ಜಮೀನಿನಲ್ಲಿ ಖಾಸಗಿ ಅಲಂಕಾರ’ ಎಂದು ದಾಖಲಾಗಿದೆ. ಅದರ ಕೆಳಗೆ ‘ಹಣ್ಣಿನ ತೂಕ ತೃಪ್ತಿಕರವಲ್ಲ.’ ಮೊದಲನೆಯದಕ್ಕೆ ನಾನು ಹೊಣೆ. ಎರಡನೆಯದಕ್ಕೆ ಯಾರು ಹೊಣೆ, ಮಾನ್ಯರೇ? ಕಾಡು ಹಣ್ಣು ಉಗುರಿನಷ್ಟಿರುತ್ತದೆ. ಅದಕ್ಕೂ ತೋಟದ ಹಣ್ಣಿಗೂ ಹುಟ್ಟಿದ ಮೊದಲ ಮಕ್ಕಳು ಸಣ್ಣವಾಗಿಯೇ ಇರುತ್ತವೆ. ಅವನ್ನು ಮತ್ತೆ ದೊಡ್ಡ ಹಣ್ಣಿನ ಜೊತೆ ಕೂಡಿಸಬೇಕು. ಗಾತ್ರ ಮರಳುವುದು ಮೊಮ್ಮಕ್ಕಳಲ್ಲಿ, ಮರಿಮಕ್ಕಳಲ್ಲಿ. ಗಿಣಿಗಳ ಒಳಗೆ ಈಗ ಬೆಳೆಯುತ್ತಿರುವುದು ಆ ಮೊಮ್ಮಕ್ಕಳ ಬೀಜ. ತಾವು ಶಾಲೆಗೆ ಸೇರಿದ ದಿನವೇ ನಿರ್ದೇಶಕರ ಕುರ್ಚಿಯಲ್ಲಿ ಕೂರಿಸಿ, ಕಾಲು ನೆಲಕ್ಕೆ ತಾಗುತ್ತಿಲ್ಲವೆಂದು ಮನೆಗೆ ಕಳಿಸಿದ್ದರೆ ನಮ್ಮ ಹಣ್ಣುಗಳ ಗತಿ ಏನಾಗುತ್ತಿತ್ತು?

ಸಮಿತಿ ಪಕ್ಕದ ಐದನೇ ಪಾತಿಯತ್ತ ತಿರುಗಿ ನೋಡಲಿಲ್ಲವೇ? ಅಲ್ಲಿದ್ದವು ತೃಪ್ತಿಕರ ತೂಕದ ಗಿಡಗಳು. ಹೋದ ಮಳೆಗಾಲ ವಾರಗಟ್ಟಲೆ ಮಳೆ ಹಿಡಿದಾಗ ಬೇರು ಕೊಳೆತು ಒಂದೂ ಉಳಿಯಲಿಲ್ಲ. ನಾಲ್ಕನೆಯದು ಅದೇ ನೀರಿನಲ್ಲಿ ನಿಂತು ಹೂ ಬಿಟ್ಟಿತು. ಅದರ ಹಣ್ಣೊಂದನ್ನು ಗಂಡ ನನ್ನ ಅಂಗೈಯಲ್ಲಿಟ್ಟರು. ತಿಂದ ಮೇಲೂ ಸಂಜೆಯವರೆಗೆ ಕೈ ಮೂಸಿಕೊಳ್ಳುತ್ತಲೇ ಇದ್ದೆ. ಅಂಗಡಿಯ ಸ್ಟ್ರಾಬೆರಿಯೆಂದರೆ ಕೆಂಪು ಬಣ್ಣದ ನೀರು ಎಂದು ಅಂದೇ ತಿಳಿಯಿತು. ನಾನೂ ಅದೇ ಜಾತಿಯೆಂದು ಮರುದಿನ ತಿಳಿಯಿತು. ನೋಡಲು ಗುಂಡಗೆ, ಎರಡು ಹನಿ ಬಿದ್ದರೆ ನೆಗಡಿ. ಗಂಡನದು ಕಾಡಿನ ಬೇರು.

ತವರೂರಿನ ನನ್ನ ಕೆಲಸ ಬಿಡುವ ಮುನ್ನ ನೋಟಿಸ್ ಅವಧಿ ಮುಗಿಸಲೆಂದು ನಾನು ಅಮ್ಮನ ಮನೆಗೆ ಮರಳಿದ್ದೆ. ಸೋಮವಾರ ಅವರ ಫೋನ್ ಬಂತು. ‘ಪಾತಿ ಹೋಗತ್ತೆ ಅನ್ಸತ್ತೆ ಕಣೇ’ ಎಂದರು. ಆಮೇಲೆ ‘ಊಟ ಆಯ್ತಾ?’ ಎಂದರು. ನನ್ನನ್ನು ನೋಡುವುದಕ್ಕೆ ಎಷ್ಟೋ ಮೊದಲಿನಿಂದ ಗುಡ್ಡ ಹತ್ತಿ ಕಾಡು ಬಳ್ಳಿ ಹುಡುಕಿ ತಂದು ಸಾಕಿದ ಮನುಷ್ಯ, ನಿರ್ದೇಶಕರಾದ ತಮ್ಮ ಬಗ್ಗೆ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಆ ಕೊರತೆ ತುಂಬಲು ಕೂತೆ.

ಇದನ್ನು ಓದಿ ಅಮ್ಮ, ‘ತಿಂಗಳಾಗಿಲ್ಲ ಮದುವೆಯಾಗಿ, ಆಗಲೇ ಅಳಿಯಂದ್ರ ಕೆಲಸ ಕಳೆಯೋಕೆ ಹೊರಟೆಯಲ್ಲೇ’ ಎಂದಳು.

‘ಪಾತಿ ಉಳಿಸೋಕಮ್ಮ.’

‘ಹಾಗಾದ್ರೆ ಒತ್ತಕ್ಷರನಾದ್ರೂ ಸರಿಯಾಗಿ ಬರಿ, ಕೊಡು ಇಲ್ಲಿ.’

ಆದ್ದರಿಂದ ಇಲ್ಲಿನ ಕಾಗುಣಿತ ಅಮ್ಮನದು, ಕೋಪ ಮಾತ್ರ ನನ್ನದು.

ನಾನು ಕೇಳುವುದಿಷ್ಟೇ. ಚೀಲದೊಳಗಿನ ಹಣ್ಣು ಮಾಗಲು ಇನ್ನೆರಡು ವಾರ ಬೇಕು. ಅಲ್ಲಿಯವರೆಗೆ ಪಾತಿ ಮುಟ್ಟಬೇಡಿ. ಬೀಜ ತೆಗೆದು ಸಸಿ ಮಾಡಲು ಬಿಡಿ. ಆ ಸಸಿಗಳು ಫಲ ಕೊಟ್ಟಾಗ ತಕ್ಕಡಿ ತನ್ನಿ, ಜೊತೆಗೆ ಮೂಗನ್ನೂ ತನ್ನಿ. ಗಿಣಿಗಳಿಂದ ಕೇಂದ್ರದ ಘನತೆಗೆ ಕುಂದು ಬಂದಿದ್ದರೆ ಪ್ರತಿ ಚೀಲವನ್ನೂ ಒಳಹೊರಗು ತಿರುಗಿಸಿ ನಾನೇ ಕಟ್ಟಿಕೊಡುತ್ತೇನೆ. ಶುಕ್ರವಾರ ತಮ್ಮವರು ಗುದ್ದಲಿ ತಂದರೆ ಪಾತಿಯ ಅಂಚಿನಲ್ಲಿ ಊರಿಂದ ತಂದ ಪೆಟ್ಟಿಗೆಯ ಮೇಲೆ ಕೂತ ಹೆಂಗಸೊಬ್ಬಳು ಸಿಗುತ್ತಾಳೆ. ಈ ಸಲ ಚಪ್ಪಟೆ ಚಪ್ಪಲಿ.

ಇಂತಿ,
ಗಿಣಿಗಳನ್ನು ಆರಿಸಿದವಳು,
ಗುರುವಾರ ಬೆಳಗಿನ ಪ್ಯಾಸೆಂಜರ್ ರೈಲು, ಕೊನೆಯ ಬೋಗಿ