ಸಡಿಲವಾದ ಸಾಕೆಟ್ಟು

ಮನೆ ಯಜಮಾನರಿಗೆ, ಮಹಡಿಯ ಬಾಡಿಗೆದಾರಳ ನಮಸ್ಕಾರಗಳು.

ಗುಡುಗು ಕೇಳಿದೊಡನೆ ನಾನು ಟಿವಿ, ಫ್ರಿಜ್ಜುಗಳ ಪ್ಲಗ್ಗು ಕೀಳುತ್ತೇನೆಂದು ನೀವು ನನಗೆ ಗುಡುಗಮ್ಮ ಎಂದು ಹೆಸರಿಟ್ಟು ನಕ್ಕಿರಿ. "ಸ್ವಿಚ್ ಆಫ್ ಮಾಡಿದ್ರೆ ಸಾಕಲ್ರೀ! ಕಿತ್ತು ಕಿತ್ತು ನನ್ನ ಸಾಕೆಟ್ಟೆಲ್ಲ ಸಡಿಲ ಮಾಡ್ಬೇಡಿ" ಎಂದು ಗದರಿದ್ದೂ ನೆನಪಿದೆ.

ನೀವು ಪರವೂರಿಗೆ ಹೋದ ಮರುದಿನವೇ ಪಕ್ಕದ ಕಂಬಕ್ಕೆ ಸಿಡಿಲು ಬಡಿಯಿತು. ಗಾಬರಿಯಾಗಬೇಡಿ, ನಿಮ್ಮ ತಾಯಿ ಕ್ಷೇಮವಾಗಿದ್ದಾರೆ. ಆದರೆ ಕೆಳಗೆ ನಿಮ್ಮ ಮನೆಯಲ್ಲಿ ಸ್ವಿಚ್ಚುಗಳೆಲ್ಲ ಆಫ್ ಆಗಿದ್ದರೂ ಪ್ಲಗ್ಗುಗಳು ಗೋಡೆಯಲ್ಲೇ ಇದ್ದವು. ನಿಮ್ಮ ಹೊಸ ಟಿವಿ ಸುಟ್ಟು ಕರಕಲಾಯಿತು. ಪ್ಲಗ್ಗು ಕಿತ್ತಿಟ್ಟಿದ್ದ ನಮ್ಮ ಹಳೆಯ ಟಿವಿಯ ಕೂದಲೂ ಕೊಂಕಲಿಲ್ಲ.

ಈಗ ಅಮ್ಮ ಧಾರಾವಾಹಿ ನೋಡುವುದು ನಮ್ಮ ಮನೆಯಲ್ಲೇ. ಅವರ ಕುರ್ಚಿಯನ್ನೂ ಮೇಲಕ್ಕೆ ತಂದಿದ್ದೇವೆ. ನೀವು ಬಂದ ಕೂಡಲೇ ಎಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ತಿಂಗ್ ಸರಿಮಾಡಿಸಿ.

ಇವತ್ತು ಮತ್ತೆ ಗುಡುಗಿತು. ನಾನು ಅಡುಗೆಮನೆಯಿಂದ ಓಡಿಬರುವಷ್ಟರಲ್ಲಿ ಅಮ್ಮನೇ ಧಾರಾವಾಹಿಯ ಮಧ್ಯೆ ಎದ್ದು ಪ್ಲಗ್ಗು ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದರು. "ಬರೀ ಸ್ವಿಚ್ ಒತ್ತಿದ್ರೆ ಸಾಲ್ದು ಕಣೇ, ಹೀಗೆ ಕೀಳ್ಬೇಕು!" ಎಂದು ನನಗೇ ಪಾಠ ಹೇಳಿದರು.

ಇನ್ನು ಮುಂದೆ ಸಾಕೆಟ್ಟು ಸಡಿಲವಾದರೆ ದಯವಿಟ್ಟು ಅವರನ್ನೇ ಗದರಿ.

ಇಂತಿ,
ನಿಮ್ಮ ಗುಡುಗಮ್ಮ